ಹದಿನಾಲ್ಕಕ್ಕೆ ಫುಟ್‌ಬಾಲ್ ಬಿಟ್ಟು ಹೋಗುವ ನಮ್ಮ ಮಕ್ಕಳು: ಕೊರತೆ ಕಾಲಿನಲ್ಲಿದೆಯೇ, ಸುತ್ತಲಿನವರಲ್ಲಿದೆಯೇ?

ಕಲಬುರಗಿಯ ತರಬೇತುದಾರ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಒಂದು ಶಾಲಾ ಮೈದಾನದಲ್ಲಿ ಹನ್ನೊಂದು ವರ್ಷಗಳಿಂದ ಬೆಳಿಗ್ಗೆ ಆರರಿಂದ ಎಂಟರವರೆಗೆ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತಿದ್ದೇನೆ. ಕಳೆದ ಜೂನ್ ತಿಂಗಳಲ್ಲಿ ನನ್ನ ಹಾಜರಿ ಪುಸ್ತಕದಲ್ಲಿ ಮೂವತ್ತೆರಡು ಹೆಸರುಗಳಿದ್ದವು, ಈಗ ಹದಿನಾಲ್ಕು ಉಳಿದಿವೆ. ಬಿಟ್ಟು ಹೋದವರೆಲ್ಲ ಆಟ ಬಾರದವರಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹೋದವರಲ್ಲಿ ಮೂವರು ನನ್ನ ತಂಡದ ಅತ್ಯುತ್ತಮ ಆಟಗಾರರು, ಮೂವರೂ ಹದಿಮೂರು ಹದಿನಾಲ್ಕರ ವಯಸ್ಸಿನವರು.

ಅವರಲ್ಲಿ ಒಬ್ಬನ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅವನ ತಂದೆ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುತ್ತಾರೆ; ಹುಡುಗ ಇಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಓದುತ್ತಾನೆ. ಎಡಗಾಲಿನ ಆಟಗಾರ, ಚೆಂಡು ತನ್ನ ಹತ್ತಿರ ಬರುವ ಮೊದಲೇ ಅದನ್ನು ಯಾರಿಗೆ ಕೊಡಬೇಕೆಂದು ತಲೆಯೆತ್ತಿ ನೋಡಿಕೊಂಡಿರುವವನು. ಬೀದರಿನಲ್ಲಿ ನಡೆದ ವಿಭಾಗ ಮಟ್ಟದ ಪಂದ್ಯ ಸಮಬಲವಾಗಿ ಪೆನಾಲ್ಟಿಗೆ ಹೋದಾಗ ಐದನೆಯ ಒದೆತ ಅವನದಾಗಿತ್ತು, ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಹುಮನಾಬಾದ್ ಮಾರ್ಗವಾಗಿ ಬಾಡಿಗೆ ಜೀಪು ಕ್ರೂಸರ್‌ನಲ್ಲಿ ಮರಳಿ ಬರುವಾಗ ಅವನ ಪಕ್ಕದಲ್ಲಿ ಕುಳಿತವರೂ ಅವನೊಡನೆ ಒಂದು ಮಾತಾಡಲಿಲ್ಲ. ಮುಂದಿನ ಸೀಟಿನಲ್ಲಿದ್ದ ನಾನೂ ಹಿಂದಿರುಗಿ ನೋಡಲಿಲ್ಲ. ಅವನನ್ನು ಬೈಯಬಾರದೆಂದು ಸುಮ್ಮನಿದ್ದೆ. ಬೈಯದಿದ್ದರೆ ಸಾಕೆಂದು ಆಗ ತಿಳಿದಿದ್ದೆ.

ಮೂರು ದಿನಗಳ ನಂತರ ಅವನು ಅಭ್ಯಾಸ ಮುಗಿಯುವ ಹೊತ್ತಿಗೆ ಬಂದು, ನಾನು ಆಡಲು ಕೊಟ್ಟಿದ್ದ ಬೂಟುಗಳನ್ನು ತೊಳೆದು, ಲೇಸುಗಳನ್ನು ಬಿಚ್ಚಿ ಒಗೆದು, ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದಿಟ್ಟು ಹೋದ. ಮನೆಗೆ ಹೋಗಿ ಕೇಳಿದರೆ ಅವನ ಮಾವ, “ಆಡಿ ಏನ್ ಮಾಡ್ತಾನ್ರಿ ಸರ್, ನೌಕರಿ ಹತ್ತತದೇನು?” ಎಂದರು. ಆ ಪ್ರಶ್ನೆಗೂ ನನ್ನಲ್ಲಿ ಉತ್ತರವಿರಲಿಲ್ಲ.

ಪಾಸು, ಟ್ರ್ಯಾಪಿಂಗ್, ಹೆಡಿಂಗ್ ಹೇಳಿಕೊಡುವುದು ನನಗೆ ಗೊತ್ತು. ಮಗುವಿನ ಮನೆ, ಗೆಳೆಯರು, ಪರೀಕ್ಷೆ, ಸೋಲಿನ ನಾಚಿಕೆ ಇವೆಲ್ಲ ಸೇರಿ ಆಟವನ್ನು ಬೆಳೆಸುವ ಅಥವಾ ಒಣಗಿಸುವ ಬಗೆಯನ್ನು ನಾನು ಕಲಿತಿಲ್ಲ. ಈ ಭಾಗದಲ್ಲಿ ಮಕ್ಕಳೊಡನೆ ಇರುವವರು ತಮ್ಮ ಅನುಭವವನ್ನು ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಬೀದರಿನ ಮಾಜಿ ಆಟಗಾರ

ಸರ್, ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ನನ್ನ ಅಭಿಪ್ರಾಯ ಬೇರೆ. ನಾವು ಬೀದರಿನ ನೆಹರೂ ಕ್ರೀಡಾಂಗಣದಲ್ಲಿ ಆಡುತ್ತಿದ್ದಾಗ ನಮ್ಮ ಮನಸ್ಸನ್ನು ಯಾರೂ ಕೇಳಿರಲಿಲ್ಲ. ಬೈಗುಳ ತಿಂದೆವು, ಬರಿಗಾಲಿನಲ್ಲಿ ಆಡಿದೆವು, ಗಟ್ಟಿಯಾದೆವು. ಪೆನಾಲ್ಟಿ ತಪ್ಪಿದ್ದಕ್ಕೆ ಬೂಟು ಮರಳಿಸುವ ಹುಡುಗ ಮುಂದೆ ದೊಡ್ಡ ಪಂದ್ಯಗಳ ಒತ್ತಡವನ್ನು ಹೇಗೆ ತಡೆದುಕೊಂಡಾನು?

ನಮ್ಮ ಬೀದರ್, ಕಲಬುರಗಿಗಳು ಹೈದರಾಬಾದ್ ರಾಜ್ಯದಲ್ಲಿದ್ದ ಕಾಲವನ್ನು ನೆನಪಿಸಿಕೊಳ್ಳಿ. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬೈಯ ಹೆಸರಾಂತ ಪಂದ್ಯಾವಳಿಯಾದ ರೋವರ್ಸ್ ಕಪ್ ಗೆದ್ದಿತು. ಆ ತಂಡವನ್ನು ಕಟ್ಟಿದ ಸೈಯದ್ ಅಬ್ದುಲ್ ರಹೀಮ್ ಅವರ ಕೈಕೆಳಗೆ ಭಾರತ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. 1962ರಲ್ಲಿ ಜಕಾರ್ತಾದಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್ ಸಿಂಗ್ ಫೈನಲ್‌ನಲ್ಲಿ ಆಡಿ ಗೋಲು ಹೊಡೆದರು, ದಕ್ಷಿಣ ಕೊರಿಯಾ 2–1ರಿಂದ ಸೋತಿತು. ಅಂಥ ಗಟ್ಟಿತನ ಮೃದು ಮಾತುಗಳಿಂದ ಬರುತ್ತದೆ ಎಂದು ನನಗನ್ನಿಸುವುದಿಲ್ಲ.

ಮನಃಶಾಸ್ತ್ರ ಉಪನ್ಯಾಸಕಿ, ಕಲಬುರಗಿ

ಬೀದರಿನ ಸರ್ ಅವರು ಕೊಟ್ಟ ಉದಾಹರಣೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಅವರ ವಾದಕ್ಕಿಂತ ತರಬೇತುದಾರರ ಪ್ರಶ್ನೆಗೆ ಹೆಚ್ಚು ಹತ್ತಿರವಾಗಿದೆ. ಜರ್ನೈಲ್ ಸಿಂಗ್ ಮೂಲತಃ ಡಿಫೆಂಡರ್. ಗಾಯಗೊಂಡವರನ್ನು ಹೊರಗೆ ಕೂರಿಸದೆ ಮುಂದಿನ ಸಾಲಿಗೆ ತಂದು ಆಡಿಸಿದವರು ರಹೀಮ್. ಆ ಹೊತ್ತಿಗೆ ಆ ಆಟಗಾರನ ಮೇಲೆ ಅವರಿಗಿದ್ದ ಭರವಸೆ ಎಷ್ಟು ದೊಡ್ಡದೆಂದು ಯೋಚಿಸಿ. ರಹೀಮ್ ವೃತ್ತಿಯಿಂದ ಶಾಲಾ ಶಿಕ್ಷಕರಾಗಿದ್ದವರು ಎಂಬುದನ್ನೂ ಮರೆಯಬಾರದು.

ಗಟ್ಟಿತನ ಬೇಕೇ ಬೇಕು, ಅದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಅದು ಎಲ್ಲಿಂದ ಬರುತ್ತದೆ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ. ನಿಕೋಲಸ್ ಹೋಲ್ಟ್ ಮತ್ತು ಜಾನ್ ಡನ್ ಎಂಬ ಸಂಶೋಧಕರು ಕೆನಡಾ ಮತ್ತು ಇಂಗ್ಲೆಂಡಿನ ಹದಿಹರೆಯದ ಫುಟ್‌ಬಾಲ್ ಆಟಗಾರರನ್ನೂ ಅವರ ತರಬೇತುದಾರರನ್ನೂ ಮಾತಾಡಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲೆ ಬರುವ ಆಟಗಾರರಲ್ಲಿ ಶಿಸ್ತು, ಬದ್ಧತೆ, ಬಿದ್ದಲ್ಲಿಂದ ಏಳುವ ಶಕ್ತಿ ಈ ಮೂರರ ಜೊತೆಗೆ ನಾಲ್ಕನೆಯದಾಗಿ ಸುತ್ತಲಿನವರ ಆಸರೆಯನ್ನೂ ಗುರುತಿಸಿದರು. ಆ ಆಸರೆಯನ್ನು ಕೇಳಿ ಪಡೆದು ಬಳಸಿಕೊಳ್ಳಬಲ್ಲದ್ದೂ ಆಟಗಾರನ ಒಂದು ಸಾಮರ್ಥ್ಯವೇ ಎಂಬುದು ಅವರ ಮುಖ್ಯ ಮಾತು. ನಾಲ್ಕನೆಯದನ್ನು ತೆಗೆದುಬಿಟ್ಟು ಮೂರನೆಯದನ್ನು ಮಾತ್ರ ಮಗುವಿನಿಂದ ಬಯಸುವುದು ನಮ್ಮ ಕಡೆ ಹೆಚ್ಚು.

ಇನ್ನೊಂದು ಅಧ್ಯಯನ ನನ್ನ ಮನಸ್ಸಿನಲ್ಲಿ ನಾಟಿ ನಿಂತಿದೆ. ಅಮೆರಿಕದಲ್ಲಿ ಫ್ರಾಂಕ್ ಸ್ಮೋಲ್, ರೊನಾಲ್ಡ್ ಸ್ಮಿತ್ ಮತ್ತವರ ಸಹೋದ್ಯೋಗಿಗಳು ಮಕ್ಕಳ ಬೇಸ್‌ಬಾಲ್ ತರಬೇತುದಾರರಲ್ಲಿ ಒಂದು ಗುಂಪಿಗೆ ಋತುವಿನ ಆರಂಭದಲ್ಲಿ ಕೆಲವೇ ಗಂಟೆಗಳ ತರಬೇತಿ ಕೊಟ್ಟರು. ಮಕ್ಕಳ ಪ್ರಯತ್ನವನ್ನು ಗುರುತಿಸಿ ಹೇಳುವುದು, ತಪ್ಪಾದ ಕೂಡಲೇ ಧೈರ್ಯ ತುಂಬಿ ಆಮೇಲೆ ತಿದ್ದುವುದು, ಶಿಕ್ಷಿಸದಿರುವುದು, ಇಷ್ಟೇ ಅದರ ತಿರುಳು. 1992ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮರುವರ್ಷ ಆಟಕ್ಕೆ ಮರಳದ ಮಕ್ಕಳು ಮಾಮೂಲಿ ತರಬೇತುದಾರರ ತಂಡಗಳಲ್ಲಿ ಶೇ. 26, ತರಬೇತಿ ಪಡೆದವರ ತಂಡಗಳಲ್ಲಿ ಶೇ. 5. ಸೋಲು ಗೆಲುವಿನ ಲೆಕ್ಕದಲ್ಲಿ ಎರಡೂ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ, ಅಂದರೆ ಮಕ್ಕಳನ್ನು ಉಳಿಸಿದ್ದು ಗೆಲುವಲ್ಲ.

ತರಬೇತುದಾರರಿಗೆ ಒಂದು ಮಾತು. ಕ್ರೂಸರ್‌ನಲ್ಲಿ ನೀವು ಸುಮ್ಮನಿದ್ದದ್ದು ಕರುಣೆಯಿಂದ. ಆದರೆ ನಾಚಿಕೆಯಲ್ಲಿ ಮುಳುಗಿದ ಹದಿನಾಲ್ಕರ ಹುಡುಗನಿಗೆ ಮೌನ ಕರುಣೆಯಾಗಿ ಕೇಳಿಸುವುದಿಲ್ಲ. ಎಲ್ಲರೂ ತನ್ನನ್ನು ಬಿಟ್ಟರು ಎಂದೇ ಅವನು ಅದನ್ನು ಅರ್ಥ ಮಾಡಿಕೊಳ್ಳುತ್ತಾನೆ.

ಯಾದಗಿರಿಯ ದೈಹಿಕ ಶಿಕ್ಷಕ

ಮೇಡಂ ಬರೆದದ್ದನ್ನು ಎರಡು ಸಲ ಓದಿದೆ. ನಾನು ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ಮನಸ್ಸಿನ ಮಾತಿಗೆ ಮುನ್ನ ಹೊಟ್ಟೆಯ ಮಾತನ್ನೂ ಸೇರಿಸಬೇಕಾಗಿದೆ. ನನ್ನ ಹುಡುಗರು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಓಡುತ್ತಾರೆ, ಬಿಸಿಯೂಟ ಸಿಗುವುದು ಮಧ್ಯಾಹ್ನ. ಸುಗ್ಗಿ ಮುಗಿದ ಮೇಲೆ ಎಷ್ಟೋ ಮನೆಗಳು ಬೆಂಗಳೂರು, ಪುಣೆ, ಮುಂಬೈ ಕಡೆ ಗುಳೆ ಹೋಗುತ್ತವೆ, ಅವರ ಜೊತೆ ನನ್ನ ಗೋಲ್‌ಕೀಪರ್ ಕೂಡ ಹೋಗುತ್ತಾನೆ. ನಾಲ್ಕು ತಿಂಗಳು ಕಳೆದು ಮರಳಿದಾಗ ಅವನ ಜಾಗದಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ಅವನು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ, ಒಂದು ವಾರ ಗೆರೆಯಾಚೆ ನಿಂತು ನೋಡಿ ಆಮೇಲೆ ಬರುವುದನ್ನು ನಿಲ್ಲಿಸುತ್ತಾನೆ.

ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯದ ಕೊನೆಯ ಸ್ಥಾನದಲ್ಲಿದ್ದವು. ಇದರ ಭಾರ ಶಾಲೆಗಳ ಮೇಲಿದೆ, ಶಾಲೆಗಳಿಂದ ಅದು ಮೈದಾನಕ್ಕೆ ಇಳಿಯುತ್ತದೆ. ಒಂಬತ್ತನೆಯ ತರಗತಿ ದಾಟಿದ ಹುಡುಗನನ್ನು ಅಭ್ಯಾಸಕ್ಕೆ ಕರೆದರೆ ವಿಶೇಷ ತರಗತಿ ತಪ್ಪಿಸಿದವನೆಂಬ ಮಾತು ನನಗೆ ಬರುತ್ತದೆ. ಹಾಗೆ ಹೇಳುವವರನ್ನೂ ನಾನು ದೂರುವುದಿಲ್ಲ.

ನನ್ನದೇ ಒಂದು ತಪ್ಪನ್ನು ಹೇಳಲೇಬೇಕು. ವಲಯ ಮಟ್ಟ ಗೆದ್ದರೆ ತಾಲ್ಲೂಕು, ತಾಲ್ಲೂಕು ಗೆದ್ದರೆ ಜಿಲ್ಲೆ. ಹಾಗಾಗಿ ಇಷ್ಟು ವರ್ಷ ನಾನು ಎತ್ತರದವರನ್ನು, ಮೀಸೆ ಚಿಗುರಿದವರನ್ನು ಮೊದಲು ಆರಿಸುತ್ತ ಬಂದೆ. ಒಂದೇ ವಯೋಮಿತಿಯಲ್ಲಿ ಮೊದಲು ಹುಟ್ಟಿದವರಿಗೆ, ಬೇಗ ಬೆಳೆದವರಿಗೆ ಅವಕಾಶ ಹೆಚ್ಚು ಸಿಗುವುದು ಲೋಕದೆಲ್ಲೆಡೆ ಕಂಡ ಸಂಗತಿ. ಬೆಲ್ಜಿಯಂನಲ್ಲಿ 1997ರಲ್ಲಿ ವಯೋಮಿತಿಯ ಲೆಕ್ಕವನ್ನು ಆಗಸ್ಟ್ 1ರಿಂದ ಜನವರಿ 1ಕ್ಕೆ ಬದಲಿಸಿದಾಗ, ಅದುವರೆಗೆ ಆಗಸ್ಟ್ ಆಸುಪಾಸಿನಲ್ಲಿ ಹುಟ್ಟಿದವರಿಗಿದ್ದ ಅನುಕೂಲ ವರ್ಷದ ಆರಂಭದಲ್ಲಿ ಹುಟ್ಟಿದವರ ಕಡೆಗೆ ಸರಿಯಿತು. ಪ್ರತಿಭೆ ಒಂದು ತಿಂಗಳಿಂದ ಇನ್ನೊಂದು ತಿಂಗಳಿಗೆ ಹಾರಿಹೋಗುವುದಿಲ್ಲವಷ್ಟೆ. ಬದಲಾದದ್ದು ದೊಡ್ಡವರ ಕಣ್ಣು. ನಮ್ಮ ಕಡೆ ಈ ಲೆಕ್ಕವನ್ನೂ ಹಾಕಲಾಗುವುದಿಲ್ಲ, ಏಕೆಂದರೆ ನನ್ನ ದಾಖಲಾತಿ ಪುಸ್ತಕ ತೆರೆದರೆ ಪುಟಕ್ಕೆ ಹಲವರು ಜೂನ್ 1ರಂದೇ ಹುಟ್ಟಿದ್ದಾರೆ! ಶಾಲೆಗೆ ಸೇರಿಸುವ ದಿನ ಮಾಸ್ತರರು ಬರೆದುಕೊಂಡ ದಿನಾಂಕವದು. ಹುಡುಗನ ನಿಜವಾದ ವಯಸ್ಸು ಅವನ ಅವ್ವನಿಗೆ ಯಾವುದೋ ಬರ ಬಿದ್ದ ವರ್ಷದ ನೆನಪಿನಲ್ಲಿ ಮಾತ್ರ ಉಳಿದಿದೆ.

ಗಂಡುಮಕ್ಕಳು ಅತಿ ವೇಗವಾಗಿ ಎತ್ತರವಾಗುವುದು ಸರಾಸರಿ ಹದಿನಾಲ್ಕರ ಆಸುಪಾಸಿನಲ್ಲಿ. ಆಗ ಕೈಕಾಲು ಉದ್ದವಾಗಿ ಕೆಲವು ತಿಂಗಳು ಚೆಂಡು ಮಾತು ಕೇಳುವುದಿಲ್ಲ. ಬೇಗ ಬೆಳೆದವನು ಸೊಕ್ಕು ಕಲಿತು ಚೆಂಡಿನ ಹತೋಟಿ ಕಲಿಯುವುದಿಲ್ಲ, ತಡವಾಗಿ ಬೆಳೆಯುವವನು ತನ್ನಲ್ಲಿ ಆಟವೇ ಇಲ್ಲವೆಂದುಕೊಂಡು ಹೋಗುತ್ತಾನೆ. ಇಂಗ್ಲೆಂಡಿನ ಆಟಗಾರ ಜೇಮಿ ವಾರ್ಡಿಯನ್ನು ಹದಿನಾರನೆಯ ವಯಸ್ಸಿನಲ್ಲಿ ಗಿಡ್ಡನೆಂದು ಕೈಬಿಡಲಾಗಿತ್ತು, ಅವರು 2016ರಲ್ಲಿ ಲೆಸ್ಟರ್ ತಂಡದೊಡನೆ ಪ್ರೀಮಿಯರ್ ಲೀಗ್ ಗೆದ್ದರು. ಫ್ರಾನ್ಸಿನ ಗ್ರೀಜ್‌ಮನ್ ಅವರನ್ನು ಅದೇ ಕಾರಣಕ್ಕೆ ತಮ್ಮ ದೇಶದ ಕ್ಲಬ್‌ಗಳು ಬೇಡವೆಂದವು, ಅವರು ಸ್ಪೇನ್‌ಗೆ ಹೋಗಿ ಬೆಳೆದು 2018ರಲ್ಲಿ ಫ್ರಾನ್ಸ್‌ಗೆ ವಿಶ್ವಕಪ್ ಗೆದ್ದುಕೊಟ್ಟವರಲ್ಲಿ ಒಬ್ಬರಾದರು. ನಾನು ಕೈಬಿಟ್ಟ ಗಿಡ್ಡ ಹುಡುಗರಿಗೆ ಹೋಗಲು ಇನ್ನೊಂದು ಕ್ಲಬ್ ಇರಲಿಲ್ಲ.

ಒಬ್ಬ ತಾಯಿ, ಕಲಬುರಗಿ

ಎಲ್ಲರೂ ಹುಡುಗರ ಬಗ್ಗೆಯೇ ಬರೆದಿದ್ದೀರಿ. ನನ್ನ ಮಗಳು ಒಂಬತ್ತನೆಯ ತರಗತಿ, ಮೂರು ವರ್ಷಗಳಿಂದ ಆಡುತ್ತಿದ್ದಾಳೆ. ಅವಳ ಜೊತೆ ಆರಂಭಿಸಿದ ಏಳು ಹುಡುಗಿಯರಲ್ಲಿ ಈಗ ಇಬ್ಬರಿದ್ದಾರೆ. ಋತುಮತಿಯಾದ ವರ್ಷವೇ ಹೆಚ್ಚಿನವರು ಬಿಟ್ಟರು. ಮೈದಾನದ ಬಳಿ ಬೀಗ ಹಾಕದ, ನೀರಿರುವ ಒಂದು ಶೌಚಾಲಯವಿಲ್ಲ ಎಂಬುದು ಎಷ್ಟು ದೊಡ್ಡ ಕಾರಣವೆಂದು ಗಂಡಸರು ಊಹಿಸಲಾರರು. ಅವಳ ಗೆಳತಿಯೊಬ್ಬಳು ತಲೆವಸ್ತ್ರ ಧರಿಸಿ ಆಡುತ್ತಿದ್ದಳು. ತಲೆವಸ್ತ್ರ ಧರಿಸಿ ಆಡಲು ಅಂತರರಾಷ್ಟ್ರೀಯ ನಿಯಮಗಳೇ 2014ರಲ್ಲಿ ಪೂರ್ಣವಾಗಿ ಅನುಮತಿ ಕೊಟ್ಟಿವೆ, ಆದರೂ ಒಂದು ಪಂದ್ಯದಲ್ಲಿ ಅದನ್ನು ತೆಗೆಯಬೇಕೆಂದು ಯಾರೋ ಹೇಳಿದರು. ಮುಂದಿನ ವಾರದಿಂದ ಆ ಮಗು ಬರಲಿಲ್ಲ. ನಿಯಮ ಗೊತ್ತಿದ್ದ ಒಬ್ಬ ದೊಡ್ಡವರು ಅಲ್ಲಿದ್ದಿದ್ದರೆ ಸಾಕಿತ್ತು.

ಮನೆಯ ಮಾತನ್ನೂ ಹೇಳುತ್ತೇನೆ. ನನ್ನ ಯಜಮಾನರಿಗೆ ಮಗಳ ಆಟವೆಂದರೆ ಪ್ರಾಣ, ಆದರೆ ಪಂದ್ಯ ಮುಗಿದು ಸ್ಕೂಟರ್ ಹತ್ತಿದ ಕೂಡಲೇ ಅವರ ವಿಮರ್ಶೆ ಆರಂಭವಾಗುತ್ತಿತ್ತು. ಚಂದ್ರಶೇಖರ ಪಾಟೀಲ ಕ್ರೀಡಾಂಗಣದಿಂದ ನಮ್ಮ ಮನೆಯವರೆಗೆ, ಎಲ್ಲಿ ಪಾಸು ಕೊಡಬೇಕಿತ್ತು, ಯಾಕೆ ಹಿಂದೆ ಓಡಲಿಲ್ಲ ಎಂಬುದೇ ಮಾತು. ಒಂದು ದಿನ ಮಗಳು, “ಅಪ್ಪಾ, ನಾ ಆಟೋದಾಗ ಬರ್ತೀನಿ, ನೀವು ಮುಂದ ಹೋಗ್ರಿ” ಎಂದಳು. ಅವರಿಗೆ ಬಹಳ ನೋವಾಯಿತು, ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈಗ ಸ್ಕೂಟರ್ ಮೇಲೆ ಆಟದ ಮಾತು ಬೇಡವೆಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ದಾರಿಯಲ್ಲಿ ನಿಂತು ಕಬ್ಬಿನ ಹಾಲು ಕುಡಿಯುತ್ತಾರೆ. ವಿಚಿತ್ರವೆಂದರೆ ರಾತ್ರಿ ಊಟಕ್ಕೆ ಕುಳಿತಾಗ ಮಗಳೇ, “ಅಪ್ಪಾ, ಎರಡನೇ ಗೋಲ್ ನನ್ನ ತಪ್ಪಿಂದ ಆಯ್ತಲ್ಲ?” ಎಂದು ತಾನಾಗಿ ಕೇಳುತ್ತಾಳೆ.

ಸಿಕಂದರಾಬಾದಿನಲ್ಲಿ ಹುಟ್ಟಿದ ಸುನಿಲ್ ಛೆಟ್ರಿ ಅವರ ತಾಯಿ ನೇಪಾಳದ ಪರವಾಗಿ ಫುಟ್‌ಬಾಲ್ ಆಡಿದವರಂತೆ. ನಮ್ಮಂಥ ತಾಯಂದಿರು ಚೆಂಡು ಮುಟ್ಟಿಲ್ಲ, ಹೀಗಾಗಿ ಮಕ್ಕಳಿಗೆ ಏನು ಹೇಳಬೇಕೆಂದು ಯಾರಾದರೂ ನಮಗೆ ಹೇಳಿಕೊಡಬೇಕು. ಪಾಲಕರ ಸಭೆಯನ್ನು ಅಂಕಪಟ್ಟಿಗೆ ಮಾತ್ರ ಕರೆಯುತ್ತೀರಿ, ಆಟಕ್ಕೂ ಒಮ್ಮೆ ಕರೆಯಿರಿ.

ಹತ್ತನೆಯ ತರಗತಿಯ ಆಟಗಾರ

ದೊಡ್ಡವರ ನಡುವೆ ಬರೆಯುತ್ತಿರುವುದಕ್ಕೆ ಕ್ಷಮಿಸಿ. ನಾನು ಹಳ್ಳಿಯಿಂದ ಬಂದು ನಗರದ ತಂಡ ಸೇರಿದಾಗ ಆರು ತಿಂಗಳು ನನಗೆ ಹೆಸರಿರಲಿಲ್ಲ, “ಏ ಹಳ್ಳಿ” ಎಂದೇ ಕರೆಯುತ್ತಿದ್ದರು. ಉರ್ದು ಮಾಧ್ಯಮದವರು ಒಂದು ಕಡೆ, ಕನ್ನಡ ಮಾಧ್ಯಮದವರು ಒಂದು ಕಡೆ ಕುಳಿತು ನೀರು ಕುಡಿಯುತ್ತಿದ್ದೆವು, ಆಟದಲ್ಲೂ ಆಯಾ ಕಡೆಯವರಿಗೇ ಪಾಸು ಹೋಗುತ್ತಿತ್ತು. ಒಂದು ದಿನ ನಮ್ಮ ನಾಯಕ ನನ್ನ ಪೂರ್ತಿ ಹೆಸರು ಹಿಡಿದು ಕೂಗಿ, “ಇಧರ್ ದೇ” ಎಂದು ಚೆಂಡು ಕೇಳಿದ. ನಾನು ಕೊಟ್ಟೆ, ಅವನು ಗೋಲು ಹೊಡೆದು ಓಡಿ ಬಂದು ನನ್ನನ್ನೇ ಎತ್ತಿಕೊಂಡ. ಆ ದಿನದಿಂದ ನಾನು ಅಭ್ಯಾಸ ತಪ್ಪಿಸಿಲ್ಲ. ತರಬೇತುದಾರರು ಬೈದರೆ ಅಷ್ಟು ನೋವಾಗುವುದಿಲ್ಲ, ಜೊತೆಯವರು ಪಾಸು ಕೊಡದಿದ್ದರೆ ಆಗುತ್ತದೆ.

ಬೀದರಿನ ಮಾಜಿ ಆಟಗಾರ

ತಮ್ಮಾ, ನೀನು ಬರೆದದ್ದು ಸರಿ ಇದೆ, ಕ್ಷಮೆ ಕೇಳಬೇಕಾಗಿಲ್ಲ.

ನಾನು ಮೊದಲು ಬರೆದದ್ದರಲ್ಲಿ ಒಂದನ್ನು ಮುಚ್ಚಿಟ್ಟಿದ್ದೆ. ಹತ್ತೊಂಬತ್ತರಲ್ಲಿ ನನ್ನ ಮೊಣಕಾಲು ಹೋಯಿತು. ಅದುವರೆಗೆ ಊರಿನಲ್ಲಿ ಎಲ್ಲರಿಗೂ ನಾನು ಆಟಗಾರ, ನನಗೂ ನಾನು ಅಷ್ಟೇ ಆಗಿದ್ದೆ. ಓದನ್ನು ಅರ್ಧಕ್ಕೆ ಬಿಟ್ಟಿದ್ದೆ. ಆಟ ಹೋದ ಮೇಲೆ ಎರಡು ವರ್ಷ ಕ್ರೀಡಾಂಗಣದ ರಸ್ತೆಯನ್ನೇ ತಪ್ಪಿಸಿ ಓಡಾಡಿದೆ. ಗಟ್ಟಿಯಾದೆವು ಎಂದು ಬರೆದೆನಲ್ಲ, ಬೈಗುಳ ತಿಂದ ನಮ್ಮ ಗುಂಪಿನಲ್ಲಿ ಎಷ್ಟು ಜನ ಮಧ್ಯದಲ್ಲೇ ಬಿಟ್ಟರೆಂದು ನಾನು ಎಂದೂ ಎಣಿಸಿರಲಿಲ್ಲ. ನಿನ್ನೆ ರಾತ್ರಿ ಕುಳಿತು ಎಣಿಸಿದೆ. ಹದಿನೆಂಟು ಜನರಲ್ಲಿ ನಾಲ್ವರ ಹೆಸರನ್ನು ಮಾತ್ರ ಇಪ್ಪತ್ತರ ವಯಸ್ಸಿನವರೆಗೆ ಆಡಿದವರೆಂದು ಬರೆಯಲು ಸಾಧ್ಯವಾಯಿತು.

ಒಂದು ಮಾತನ್ನು ಮಾತ್ರ ನಾನು ಬಿಡುವುದಿಲ್ಲ. ಮಗುವಿಗೆ ಸುಳ್ಳು ಹೇಳಬೇಡಿ. ಎಲ್ಲರಿಗೂ ಚೆನ್ನಾಗಿ ಆಡಿದೆ ಎನ್ನುವ ತರಬೇತುದಾರನ ಮಾತನ್ನು ಮಕ್ಕಳು ಒಂದು ತಿಂಗಳಲ್ಲಿ ನಂಬುವುದನ್ನು ಬಿಡುತ್ತಾರೆ. ಎಡಗಾಲು ದುರ್ಬಲವಿದ್ದರೆ ದುರ್ಬಲವಿದೆ ಎಂದೇ ಹೇಳಿ, ಅದನ್ನು ಸರಿಪಡಿಸಲು ಗೋಡೆಯೆದುರು ದಿನಕ್ಕೆ ನೂರು ಸಲ ಒದೆಯಬೇಕೆಂದು ಹೇಳಿ, ಮರುದಿನ ಅವನು ಒದ್ದನೇ ಎಂದು ಕೇಳಿ. ಆ ಹುಡುಗನ ಮಾವನಿಗೂ ನೌಕರಿ ಸಿಗುತ್ತದೆ ಎಂಬ ಆಸೆ ತೋರಿಸಬೇಡಿ. ಓದಿನ ಜೊತೆಗೇ ಆಡಿಸುತ್ತೇನೆ, ಓದು ಬಿಡಿಸುವುದಿಲ್ಲ ಎಂಬ ಮಾತು ಕೊಡಿ. ಅಂಥ ಮಾತನ್ನು ನನ್ನ ಅಪ್ಪನಿಗೆ ಯಾರೂ ಕೊಟ್ಟಿರಲಿಲ್ಲ.

ಮನಃಶಾಸ್ತ್ರ ಉಪನ್ಯಾಸಕಿ, ಕಲಬುರಗಿ

ಸರ್, ಇದನ್ನು ಒಪ್ಪುತ್ತೇನೆ. ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಜಾಣರೆಂದು ಹೊಗಳಿಸಿಕೊಂಡ ಮಕ್ಕಳು ಕಷ್ಟದ ಲೆಕ್ಕ ಎದುರಾದ ಮೇಲೆ ಹಿಂಜರಿದರು, ಶ್ರಮಪಟ್ಟೆ ಎಂದು ಹೇಳಿಸಿಕೊಂಡವರು ಮತ್ತೆ ಪ್ರಯತ್ನಿಸಿದರು. ಅದು ಶಾಲಾ ಮಕ್ಕಳ ಮೇಲಿನ ಪ್ರಯೋಗ, ಫುಟ್‌ಬಾಲ್ ಮೈದಾನದ್ದಲ್ಲ. ಆದರೂ ನೀವು ಹೇಳಿದ ಗೋಡೆಯೆದುರಿನ ನೂರು ಒದೆತಕ್ಕೂ ಅದಕ್ಕೂ ನಂಟಿದೆ. ತಪ್ಪನ್ನು ಹೇಳುವುದು ಕ್ರೌರ್ಯವಲ್ಲ, ತಪ್ಪಿನ ನಂತರ ಏನು ಮಾಡಬೇಕೆಂದು ಹೇಳದೆ ಬಿಡುವುದು ಕ್ರೌರ್ಯ.

ಕಲಬುರಗಿಯ ತರಬೇತುದಾರ

ನಿನ್ನೆ ಭಾನುವಾರ ಶಹಾಬಾದಿಗೆ ಹೋಗಿದ್ದೆ. ಹುಡುಗ ರಜೆಗೆ ಮನೆಗೆ ಬಂದಿದ್ದ. ಅವನ ತಂದೆ ಅಂಗಳದಲ್ಲಿ ಫರಸಿ ಕಲ್ಲಿನ ಮೇಲೆ ಚಾಪೆ ಹಾಸಿ ಕೂರಿಸಿದರು, ಚಹಾ ಕೊಟ್ಟರು. ಬೀದರಿನ ಸರ್ ಹೇಳಿದ ಮಾತನ್ನೇ ಹೇಳಿದೆ: ನೌಕರಿಯ ಭರವಸೆ ನನ್ನಲ್ಲಿಲ್ಲ, ಪರೀಕ್ಷೆಯ ಎರಡು ತಿಂಗಳು ಅವನನ್ನು ಅಭ್ಯಾಸಕ್ಕೆ ಕರೆಯುವುದಿಲ್ಲ, ಉಳಿದ ದಿನ ಎಂಟಕ್ಕೆ ಮುನ್ನ ಬಿಡುತ್ತೇನೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಅವ ರಾತ್ರಿ ನಿದ್ದ್ಯಾಗ ಒದೀತಾನ್ರಿ” ಎಂದರು.

ಹುಡುಗನೊಡನೆ ಹೊಲದ ಬದುವಿನ ಮೇಲೆ ನಡೆದಾಡುತ್ತ ಕ್ರೂಸರ್‌ನ ಮಾತು ತೆಗೆದೆ. ಆ ದಿನ ಮಾತಾಡಿಸದಿದ್ದದ್ದು ನನ್ನ ತಪ್ಪು ಎಂದೆ. ಅವನು ತಲೆಯೆತ್ತದೆ, “ಐದನೇದು ನಂಗೇ ಯಾಕ ಕೊಟ್ರಿ ಸರ್?” ಎಂದು ಕೇಳಿದ. ನಿನ್ನ ಮೇಲೆ ಹೆಚ್ಚು ನಂಬಿಕೆಯಿತ್ತು ಎಂದೆ. ಅದನ್ನು ಅವನಿಗೆ ಒದೆಯುವ ಮೊದಲೂ ಹೇಳಿರಲಿಲ್ಲ, ಒದ್ದ ಮೇಲೂ ಹೇಳಿರಲಿಲ್ಲ. ಬರುತ್ತೇನೆ ಎಂದು ಅವನು ಹೇಳಿಲ್ಲ. ಬೂಟು ಇನ್ನೂ ನನ್ನ ಹತ್ತಿರವೇ ಇದೆಯೇ ಎಂದು ಕೇಳಿದ, ಇದೆ ಎಂದೆ.

ಎರಡು ಕೆಲಸಗಳನ್ನು ಈ ತಿಂಗಳೇ ಆರಂಭಿಸುತ್ತೇನೆ. ವಾರದಲ್ಲಿ ಒಂದು ದಿನ ತರಗತಿಯನ್ನಾಗಲಿ ವಯಸ್ಸನ್ನಾಗಲಿ ನೋಡದೆ ಎತ್ತರ ಅಳೆದು ತಂಡ ಮಾಡಿ ಆಡಿಸುತ್ತೇನೆ. ಇಂಗ್ಲೆಂಡಿನ ಅಕಾಡೆಮಿಗಳಲ್ಲಿ ದೇಹದ ಬೆಳವಣಿಗೆಯ ಹಂತಕ್ಕೆ ತಕ್ಕಂತೆ ಗುಂಪು ಮಾಡಿ ಆಡಿಸುವ ಪದ್ಧತಿಯನ್ನು ಪ್ರಯತ್ನಿಸಿದ್ದಾರೆ. ಅಲ್ಲಿನ ಲೆಕ್ಕಾಚಾರ ನಮಗೆ ಸಾಧ್ಯವಿಲ್ಲದಿದ್ದರೂ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದು ಎತ್ತರ ಅಳೆಯಲು ಸಾಧ್ಯವಿದೆ. ಎರಡನೆಯದು ಪಾಲಕರ ಸಭೆ, ಬರುವ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ. ತಾಯಿಯವರೇ, ನೀವು ಯಜಮಾನರನ್ನು ಕರೆತನ್ನಿ, ಸ್ಕೂಟರ್‌ನ ಸಂಗತಿಯನ್ನು ಅವರ ಬಾಯಿಂದಲೇ ಉಳಿದ ತಂದೆಯರು ಕೇಳಲಿ. ಶೌಚಾಲಯದ ಕೀಲಿಯ ಬಗ್ಗೆ ಮುಖ್ಯೋಪಾಧ್ಯಾಯರೊಡನೆ ಮಾತಾಡಿದ್ದೇನೆ, ಬೆಳಗಿನ ಹೊತ್ತು ಅದು ನನ್ನ ಬಳಿಯೇ ಇರುತ್ತದೆ.

ಯಾದಗಿರಿಯ ದೈಹಿಕ ಶಿಕ್ಷಕ

ಸರ್, ಆ ಭಾನುವಾರ ಬೆಳಗಿನ ರೈಲಿಗೆ ನಾನೂ ಒಂಬತ್ತು ಹುಡುಗರನ್ನು ಕರೆದುಕೊಂಡು ಬರುತ್ತೇನೆ. ಆರಿಸಿದ್ದು ಈ ಸಲ ಎತ್ತರ ನೋಡಿ ಅಲ್ಲ. ಗುಳೆಯಿಂದ ಮರಳಿದ ಗೋಲ್‌ಕೀಪರ್ ಅವರಲ್ಲಿದ್ದಾನೆ. ಹುಡುಗರು ಊಟ ಮಾಡದೆ ಹೊರಡುತ್ತಾರೆ, ಆಟಕ್ಕೆ ಮುನ್ನ ಬಾಳೆಹಣ್ಣೋ ಉಪ್ಪಿಟ್ಟೋ ಏನಾದರೂ ಸಿಗುವಂತಾದರೆ ಖರ್ಚನ್ನು ನಾನು ಕೊಡುತ್ತೇನೆ.